ವೇದಿಕೆ ಹತ್ತಬೇಕಾದವರು ಸಭೆಯಲ್ಲೇ ಕೂತಿರುತ್ತಾರೆ

ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಾಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಿರುವ ಹುಡುಗ ಹುಡುಗಿಯರಿದ್ದೀರಿ. ಹೆಬ್ಬಾಳದ ಕಂಪನಿಗಳಲ್ಲಿ ಕೆಲಸ ಮಾಡುವವರಿದ್ದೀರಿ. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬಂದವರೂ ಇದ್ದೀರಿ. ಡೇಟಾಬೇಸ್ ಯೂಸರ್ ಗ್ರೂಪ್‌ಗಳ ಸಮ್ಮೇಳನಗಳ ಬಗ್ಗೆ ಮಾತಾಡಿ ಅಂತ ನನಗೆ ಹೇಳಿದ್ದಾರೆ. ಡೇಟಾಬೇಸ್ ಅಂದರೆ ಮಾಹಿತಿಯನ್ನು ಜೋಡಿಸಿಟ್ಟು ಹುಡುಕಿಕೊಡುವ ಸಾಫ್ಟ್‌ವೇರ್, ಯೂಸರ್ ಗ್ರೂಪ್ ಅಂದರೆ ಅದನ್ನು ಬಳಸುವವರೇ ಕಟ್ಟಿಕೊಂಡ ಬಳಗ. ಅಲ್ಲಿಗೆ ಹೋದರೆ ಏನು ಸಿಗುತ್ತದೆ, ಅಂಥದ್ದೊಂದನ್ನು ನಡೆಸೋಕೆ ಕೈಜೋಡಿಸುವುದು ಹೇಗೆ, ಇಷ್ಟು ವಿಷಯ.

ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಂಘಟಕರಿಗೆ ಕೆಲಸ ಬೇಕಾದಷ್ಟಿರುತ್ತದೆ. ಹಾಲ್, ಊಟ, ಮೈಕ್, ಬ್ಯಾಡ್ಜ್, ದುಡ್ಡು. ಇದೆಲ್ಲ ಹೇಗೋ ಆಗುತ್ತದೆ. ಕಷ್ಟದ ಕೆಲಸ ಬೇರೆ ಇದೆ. ದಿನಾ ಡೇಟಾಬೇಸ್ ಜೊತೆ ಗುದ್ದಾಡುತ್ತಿದ್ದು, ಯಾವತ್ತೂ ಮೈಕ್ ಹಿಡಿಯದ ಒಬ್ಬರನ್ನು ಹುಡುಕಿ ವೇದಿಕೆಗೆ ಕರೆತರಬೇಕು. ಸಮ್ಮೇಳನ ಚೆನ್ನಾಗಿತ್ತೋ ಇಲ್ಲವೋ ಅನ್ನೋದನ್ನು ನಾನು ಅಳೆಯುವುದು ಇದರಿಂದಲೇ.

ಯೂಸರ್ ಗ್ರೂಪ್ ಅನ್ನೋದು ನಿನ್ನೆ ಮೊನ್ನೆಯದಲ್ಲ. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಐಬಿಎಂ 704 ಕಂಪ್ಯೂಟರ್ ಬಳಸುವವರು ಸೇರಿ 'ಶೇರ್' ಎಂಬ ಬಳಗ ಕಟ್ಟಿದರು. ಅವರಲ್ಲಿ ವಿಮಾನ ಕಂಪನಿಗಳವರೂ ಇದ್ದರು. ಮಾರುಕಟ್ಟೆಯಲ್ಲಿ ಅವು ಒಂದಕ್ಕೊಂದು ಎದುರಾಳಿಗಳು. ಆದರೆ ಒಂದೇ ಮಶೀನಿಗೆ ಅದದೇ ಪ್ರೋಗ್ರಾಂಗಳನ್ನು ಎಲ್ಲರೂ ಬೇರೆ ಬೇರೆ ಕೂತು ಬರೆಯುವುದು ದಂಡದ ಕೆಲಸ ಅಂತ ಅವರಿಗೆ ಅರ್ಥವಾಗಿತ್ತು. ಬರೆದದ್ದನ್ನು ಹಂಚಿಕೊಂಡರು. ಮಶೀನ್ ಮಾರಿದವರ ಮುಂದೆ ಒಟ್ಟಾಗಿ ಬೇಡಿಕೆ ಇಟ್ಟರು. ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ, ನಾವು ಇವತ್ತು ಬಳಸುವ ರಿಲೇಶನಲ್ ಡೇಟಾಬೇಸ್‌ಗೆ ಬುನಾದಿ ಹಾಕಿದ ಎಡ್ಗರ್ ಕಾಡ್ ಅವರ ಲೇಖನ ಬಂದದ್ದು 1970ರಲ್ಲಿ. ಅಂದರೆ ರಿಲೇಶನಲ್ ಡೇಟಾಬೇಸ್ ಹುಟ್ಟುವುದಕ್ಕೆ 15 ವರ್ಷ ಮೊದಲೇ ಯೂಸರ್ ಗ್ರೂಪ್ ಇತ್ತು.

ನಾನು ಹೆಚ್ಚಾಗಿ ಓಡಾಡಿರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಬಳಗದಲ್ಲಿ. ಅದರ ಕಥೆ ಸ್ವಲ್ಪ ಬೇರೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಅದು. ವಿಶ್ವವಿದ್ಯಾಲಯ ಅದನ್ನು ಕೈಬಿಟ್ಟ ಮೇಲೆ ಆಂಡ್ರ್ಯೂ ಯೂ, ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯೂಎಲ್, ಅಂದರೆ ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ, ಸೇರಿಸಿದರು. 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂತ ಹೆಸರಾಯಿತು. ಅಲ್ಲಿಂದ ಇಲ್ಲಿಯವರೆಗೆ ಅದಕ್ಕೆ ಯಜಮಾನ ಕಂಪನಿ ಅಂತ ಒಂದಿಲ್ಲ. ಹಾಗಾಗಿ ಅದರ ಸಮ್ಮೇಳನಗಳನ್ನೂ ಬಳಸುವವರು, ಬರೆಯುವವರೇ ನಡೆಸಬೇಕು. ಯುರೋಪಿನ ಸಮ್ಮೇಳನ 2008ರಲ್ಲಿ ಇಟಲಿಯ ಪ್ರಾಟೋ ಎಂಬ ಊರಲ್ಲಿ ಶುರುವಾಯಿತು. ಆಮೇಲೆ ವರ್ಷಕ್ಕೊಂದು ಊರು ಅಂತ ಸುತ್ತಿದೆ. ಕೋಡ್ ಬರೆಯುವವರು ಸೇರುವ ಸಮ್ಮೇಳನ 2007ರಿಂದ ಕೆನಡಾದ ಒಟ್ಟಾವಾದಲ್ಲಿತ್ತು, 2024ರಲ್ಲಿ ಹೊಸ ಹೆಸರಲ್ಲಿ ವ್ಯಾಂಕೂವರ್‌ಗೆ ಹೋಯಿತು. ನಮಗೆ ಹತ್ತಿರದ್ದು ಬೆಂಗಳೂರಿನಲ್ಲಿ ನಡೆಯುವ ಪಿಜಿಕಾನ್ಫ್ ಇಂಡಿಯಾ. ಒರಾಕಲ್ ಎಂಬ ಡೇಟಾಬೇಸ್ ಬಳಸುವವರಿಗೂ ದೇಶದ ಮಟ್ಟದ ಬಳಗವಿದೆ, ಅವರ ಸಮ್ಮೇಳನದ ಹೆಸರು 'ಸಂಗಮ್'.

ಪೋಸ್ಟ್‌ಗ್ರೆಸ್ ಬಳಗದ ಒಂದು ನಿಯಮ ನನಗೆ ತುಂಬ ಇಷ್ಟ. ಒಂದು ಸಮ್ಮೇಳನವನ್ನು ಸಮುದಾಯದ್ದು ಅಂತ ಒಪ್ಪಬೇಕಾದರೆ, ಅದರ ಸಂಘಟನಾ ಸಮಿತಿಯಲ್ಲಿ ಒಂದೇ ಕಂಪನಿಯವರು ಅರ್ಧಕ್ಕಿಂತ ಜಾಸ್ತಿ ಇರುವಂತಿಲ್ಲ. ನಾವು ಮೈಸೂರಿನಲ್ಲಿ ಸಣ್ಣದಾಗಿ ಒಂದು ದಿನದ ಕೂಟ ಶುರು ಮಾಡಿದಾಗ ಇದನ್ನೇ ಹಿಡಿದುಕೊಂಡೆವು. ಮೈಸೂರಿಗೆ ಇದು ಇನ್ನೂ ಜಾಸ್ತಿ ಬೇಕು. ಇಲ್ಲಿ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು. ಒಂದು ಕಂಪನಿ ಹಾಲ್ ಕೊಟ್ಟು, ಊಟ ಕೊಟ್ಟು, ಭಾಷಣಕಾರರನ್ನೂ ಕೊಟ್ಟರೆ ಸಂಘಟಕರಿಗೆ ಕೆಲಸವೇನೋ ಹಗುರ. ಆದರೆ ಬಳಗ ಆ ಕಂಪನಿಯದ್ದಾಗಿಬಿಡುತ್ತದೆ. ಅಲ್ಲಿನ ಮ್ಯಾನೇಜರ್ ವರ್ಗವಾಗಿ ಹೋದ ದಿನ ಬಳಗಕ್ಕೆ ಗೇಟ್ ಮುಚ್ಚುತ್ತದೆ.

ದುಡ್ಡಿನ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನಪಿಸುವುದು ಪಾಸ್ ಎಂಬ ಸಂಸ್ಥೆಯನ್ನು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಬಳಸುವವರ ಜಾಗತಿಕ ಸಂಘಟನೆ ಅದು. 1999ರಲ್ಲಿ ಹುಟ್ಟಿತು. ಊರೂರಲ್ಲಿ ಶಾಖೆಗಳಿದ್ದವು. ಶನಿವಾರಗಳಂದು ಪುಕ್ಕಟೆ ತರಬೇತಿ ನಡೆಯುತ್ತಿತ್ತು. ಎಷ್ಟೋ ಜನ ಮೊದಲ ಸಲ ಮೈಕ್ ಹಿಡಿದದ್ದು ಅಲ್ಲೇ. ಆದರೆ ಅದರ ಆದಾಯದ ದೊಡ್ಡ ಭಾಗ ವರ್ಷಕ್ಕೊಮ್ಮೆ ನಡೆಯುವ ಒಂದು ದೊಡ್ಡ ಸಮ್ಮೇಳನದಿಂದ ಬರುತ್ತಿತ್ತು. 2020ರಲ್ಲಿ ಕೊರೊನಾ ಬಂತು, ಆ ಸಮ್ಮೇಳನವನ್ನು ಆನ್‌ಲೈನ್ ಮಾಡಬೇಕಾಯಿತು. 2021ರ ಜನವರಿಯಲ್ಲಿ ಸಂಸ್ಥೆಯೇ ಬಾಗಿಲು ಹಾಕಿತು. ಇಷ್ಟು ವರ್ಷ ಕಟ್ಟಿದ್ದು ಹಾಗೆ ಹೋಯಿತಲ್ಲ ಅಂತ ನನಗೆ ಈಗಲೂ ಬೇಜಾರಾಗುತ್ತದೆ. ಕೂಟ ಸಣ್ಣದಿರಲಿ, ಖರ್ಚು ಸಣ್ಣದಿರಲಿ, ಒಂದು ವರ್ಷ ನಡೆಯದಿದ್ದರೂ ಬಳಗ ಸಾಯಬಾರದು ಅಂತ ನಾನು ಹಟ ಮಾಡುವುದು ಇದಕ್ಕೇ.

ಈಗ ಹೋಗುವ ವಿಷಯ. ಮೊದಲ ಸಲ ಸಮ್ಮೇಳನಕ್ಕೆ ಹೋಗುವವರು ಬೆಳಗ್ಗೆಯಿಂದ ಸಂಜೆವರೆಗೆ ಒಂದು ಭಾಷಣವನ್ನೂ ಬಿಡದೆ ಕೂರುತ್ತಾರೆ. ಮಧ್ಯಾಹ್ನ ಮೂರಕ್ಕೆ ತಲೆ ಕೆಲಸ ಮಾಡುವುದು ನಿಲ್ಲಿಸುತ್ತದೆ. ಎರಡು ಮೂರು ಭಾಷಣ ಆರಿಸಿಕೊಳ್ಳಿ ಸಾಕು. ಉಳಿದ ಹೊತ್ತು ಹೊರಗೆ ಟೀ ಕುಡಿಯುವ ಜಾಗದಲ್ಲಿ ನಿಲ್ಲಿ. ಭಾಷಣಗಳ ವಿಡಿಯೋ ಆಮೇಲೆ ಸಿಗಬಹುದು, ಅಲ್ಲಿ ನಡೆಯುವ ಮಾತು ಸಿಗೋದಿಲ್ಲ.

ಒಂದು ಉದಾಹರಣೆ ಕೊಡ್ತೇನೆ. ಬೆಂಗಳೂರಿನಲ್ಲಿ ಹೀಗೆ ಟೀ ಕುಡಿಯುವಾಗ ಪಕ್ಕದಲ್ಲಿದ್ದ ಒಬ್ಬರು ಕೇಳಿದರು, 'ನಿಮ್ಮ ಸರ್ವರಿನ ಲಿನಕ್ಸ್ ಅಪ್‌ಗ್ರೇಡ್ ಮಾಡ್ತಿದ್ದೀರಾ?' ನಮ್ಮ ಸರ್ವರ್ ಓಡುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ, ಹೌದು ಅಂದೆ. 'ಹಾಗಾದ್ರೆ ಇಂಡೆಕ್ಸ್ ಎಲ್ಲ ಮತ್ತೆ ಕಟ್ಟಿ.' ಇಂಡೆಕ್ಸ್ ಅಂದರೆ ಬೇಗ ಹುಡುಕುವುದಕ್ಕೆ ಕ್ರಮವಾಗಿ ಜೋಡಿಸಿಟ್ಟ ಪಟ್ಟಿ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಯಾಕೆ ಅಂತ ಕೇಳಿದ್ದಕ್ಕೆ ಬಿಡಿಸಿ ಹೇಳಿದರು. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋದನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸಿನ ಜಿಲಿಬ್‌ಸಿ ಎಂಬ ಲೈಬ್ರರಿಯಿಂದ ಕೇಳಿ ತಿಳಿದುಕೊಳ್ಳುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ ಅದರ 2.28 ಆವೃತ್ತಿಯಲ್ಲಿ ಆ ಕ್ರಮ ಬದಲಾಯಿತು. ಹಳೇ ಕ್ರಮದಲ್ಲಿ ಕಟ್ಟಿದ ಇಂಡೆಕ್ಸ್ ಡಿಸ್ಕ್‌ನಲ್ಲಿ ಹಾಗೇ ಇರುತ್ತದೆ, ಹುಡುಕುವವರು ಹೊಸ ಕ್ರಮದಲ್ಲಿ ಹುಡುಕುತ್ತಾರೆ. ಇರುವ ಗ್ರಾಹಕರ ಹೆಸರೇ ಇಲ್ಲ ಅನ್ನುತ್ತದೆ. ಒಂದೇ ಸಲ ಇರಬೇಕಾದ ಇಮೇಲ್ ಎರಡು ಸಲ ಒಳಗೆ ಬಂದು ಕೂರುತ್ತದೆ. ಎರರ್ ಮಾತ್ರ ಎಲ್ಲೂ ಕಾಣೋದಿಲ್ಲ. ಇದೆಲ್ಲ ದಾಖಲೆಗಳಲ್ಲಿ ಇತ್ತು. ಆದರೆ ಹುಡುಕಬೇಕು ಅಂತಲೇ ಗೊತ್ತಿಲ್ಲದ ವಿಷಯವನ್ನು ಯಾರು ಹುಡುಕುತ್ತಾರೆ? ಟೀ ಲೋಟ ಹಿಡಿದು ನಿಂತಿದ್ದವರು, ಕೇಳದೆಯೇ ಹೇಳಿದರು.

ಬೆಂಗಳೂರು ಹತ್ತಿರವೇ ಇರುವಾಗ ಮೈಸೂರಿನಲ್ಲಿ ಬೇರೆ ಕೂಟ ಯಾಕೆ ಅಂತ ಕೇಳುವವರಿದ್ದಾರೆ. ಎಕ್ಸ್‌ಪ್ರೆಸ್‌ವೇ ಆದಮೇಲಂತೂ ಈ ಪ್ರಶ್ನೆ ಜಾಸ್ತಿಯಾಗಿದೆ. ಬೆಂಗಳೂರಿಗೆ ಹೋಗಲೇಬೇಕು, ನಾನೂ ಹೋಗುತ್ತೇನೆ. ಆದರೆ ಅಲ್ಲಿ ಮಾತಾಡುವುದಕ್ಕೆ ಅರ್ಜಿ ಹಾಕುವ ಧೈರ್ಯ ಬರಬೇಕಾದರೆ ಮೊದಲು ಪರಿಚಯದವರ ಮುಂದೆ ಒಮ್ಮೆ ಮಾತಾಡಿರಬೇಕು. ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ನಮ್ಮ ಸುತ್ತಮುತ್ತಲ ಕೆಲಸಗಳಲ್ಲಿ ಹುಟ್ಟುವ ಡೇಟಾಬೇಸ್ ಸಮಸ್ಯೆಗಳು ದೊಡ್ಡ ವೇದಿಕೆಗೆ ಬರುವುದೇ ಇಲ್ಲ. ಅಲ್ಲಿ ಕೋಟಿಗಟ್ಟಲೆ ಗ್ರಾಹಕರ ಆ್ಯಪ್ ನಡೆಸುವವರು ಮಾತಾಡುತ್ತಾರೆ. ಹಳ್ಳಿ ಡೇರಿಯ ಲೆಕ್ಕ ಇಡುವವರು ಕೇಳುತ್ತಾ ಕೂರುತ್ತಾರೆ.

ಡೇರಿ ಅಂತ ಬಾಯಿ ತಪ್ಪಿ ಬಂದದ್ದಲ್ಲ. ನಮ್ಮ ಕೂಟದಲ್ಲಿ ಮಂಡ್ಯ ಕಡೆಯ ಒಬ್ಬ ಹೆಣ್ಣುಮಗಳು ಮಾತಾಡಿದರು. ಹಾಲು ಉತ್ಪಾದಕರ ಸಂಘಗಳಿಗೆ ಸಾಫ್ಟ್‌ವೇರ್ ನೋಡಿಕೊಳ್ಳುವ ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಮಾತಾಡಿ ಅಂತ ಕೇಳಿದಾಗ ಅವರು ಅಂದದ್ದು, 'ನಾವು ಮಾಡೋದು ಬರೀ ಹಾಲಿನ ಲೆಕ್ಕ ಸರ್. ಅದ್ರಲ್ಲಿ ಹೇಳಕ್ಕೇನಿದೆ?' ಏನೇನಿತ್ತು ಕೇಳಿ.

ಹಾಲು ಬರುವುದು ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಆ ಹೊತ್ತಿನಲ್ಲಿ ಎಲ್ಲ ಸಂಘಗಳಿಂದ ಒಟ್ಟಿಗೆ ಡೇಟಾ ನುಗ್ಗುತ್ತದೆ, ಉಳಿದ ದಿನವೆಲ್ಲ ಸರ್ವರ್ ಸುಮ್ನೆ ಇರುತ್ತದೆ. ಸದಸ್ಯರ ನಂಬರು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಘನಾಂಶ) ಎಷ್ಟು. ಚೀಟಿ ಪ್ರಿಂಟ್ ಆಗುತ್ತದೆ, ಅದೇ ಮಾಹಿತಿ ಸರ್ವರ್‌ಗೆ ಹೋಗುತ್ತದೆ. ಹಳ್ಳಿಯಲ್ಲಿ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಸರ್ವರ್‌ಗೆ ಮಾಹಿತಿ ತಲುಪಿದೆ, ತಲುಪಿತು ಅನ್ನುವ ಉತ್ತರ ವಾಪಸ್ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು ಅಂತಿಟ್ಟುಕೊಳ್ಳಿ. ಸಂಘದ ಮಶೀನ್ ತಲುಪಲಿಲ್ಲ ಅಂದುಕೊಂಡು ಇನ್ನೊಮ್ಮೆ ಕಳಿಸುತ್ತದೆ. ಒಂದೇ ಹಾಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬಟವಾಡೆ ದಿನ ಜಗಳ.

ಇದಕ್ಕೆ ಎಲ್ಲರಿಗೂ ಹೊಳೆಯುವ ಪರಿಹಾರ, ಸದಸ್ಯರ ನಂಬರು, ತಾರೀಖು, ಹೊತ್ತು ಈ ಮೂರನ್ನು ಸೇರಿಸಿ ಯೂನಿಕ್ ಮಾಡುವುದು, ಅಂದರೆ ಮೂರೂ ಒಂದೇ ಆಗಿರುವ ಎರಡನೇ ದಾಖಲೆ ಒಳಗೆ ಬಾರದ ಹಾಗೆ ಮಾಡುವುದು. ಎರಡನೇ ಸಲ ಬಂದದ್ದನ್ನು ಬಿಟ್ಟುಬಿಡು ಅನ್ನೋದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ 'ಆನ್ ಕಾನ್‌ಫ್ಲಿಕ್ಟ್' ಇದೆ. 2016ರ ಜನವರಿಯಲ್ಲಿ ಬಂದ 9.5 ಆವೃತ್ತಿಯಿಂದ ಅದು ಸಿಗುತ್ತಿದೆ. ಸಭೆಯಲ್ಲಿ ಅನುಭವಿಗಳು ತಲೆಯಾಡಿಸುತ್ತಿದ್ದರು. ಆಗ ಆ ಹೆಣ್ಣುಮಗಳು ಕೇಳಿದರು, 'ಒಂದೇ ಮನೆಯವರು ಬೆಳಗ್ಗೆನೇ ಎರಡು ಸಲ ಹಾಲು ಹಾಕಿದ್ರೆ? ಹಸುವಿನದ್ದು ಒಂದು ಕ್ಯಾನು, ಎಮ್ಮೆದು ಇನ್ನೊಂದು ತಂದ್ರೆ?' ನಿಜವಾದ ಎರಡನೇ ಕ್ಯಾನನ್ನೂ ಆ ನಿಯಮ ನುಂಗಿಹಾಕುತ್ತದೆ. ರೈತರಿಗೆ ನಷ್ಟ. ಹಾಗಾಗಿ ಅವರು ಸಂಘದ ಮಶೀನ್ ಕೊಡುವ ಚೀಟಿ ನಂಬರನ್ನೇ ಹಿಡಿದರು. ಸಂಘದ ಸಂಖ್ಯೆ, ತಾರೀಖು, ಹೊತ್ತು, ಚೀಟಿ ನಂಬರು. ಹಾಲು ಅಳೆದ ಜಾಗದಲ್ಲೇ ಹುಟ್ಟಿದ ನಂಬರು ಅದು, ಎಷ್ಟು ಸಲ ಕಳಿಸಿದರೂ ಬದಲಾಗೋದಿಲ್ಲ. ಸರ್ವರ್‌ನಲ್ಲಿ ಹುಟ್ಟಿಸಿದ ನಂಬರಾದರೆ ಪ್ರತಿ ಸಲವೂ ಹೊಸದು.

ದುಡ್ಡಿನ ವ್ಯವಹಾರ ನಡೆಸುವ ಯಾವ ಸಾಫ್ಟ್‌ವೇರಿಗೂ ಬೇಕಾದ ಪಾಠ ಇದು. ನಾನು ಇದನ್ನು ಬೇರೆ ಕಡೆಯೂ ಕೇಳಿದ್ದೆ, ಇಷ್ಟು ಸ್ಪಷ್ಟವಾಗಿ ಎಲ್ಲೂ ಕೇಳಿರಲಿಲ್ಲ. ಭಾಷಣ ಮುಗಿದ ಮೇಲೆ ಜನ ಅವರನ್ನು ಊಟಕ್ಕೂ ಬಿಡಲಿಲ್ಲ.

ಇನ್ನೊಂದು ಭಾಷಣ ಕೊನೇ ವರ್ಷದ ವಿದ್ಯಾರ್ಥಿಯದ್ದು. ವಿಷಯ ಕನ್ನಡದ ಹೆಸರುಗಳು. ಒಂದು ಪಟ್ಟಿಯಲ್ಲಿ 'ಲೋಕೇಶ' ಅಂತ ಹುಡುಕಿದರೆ ಕೆಲವು ಲೋಕೇಶರು ಸಿಗುತ್ತಾರೆ, ಕೆಲವರು ಸಿಗೋದಿಲ್ಲ. ಸ್ಕ್ರೀನ್ ಮೇಲೆ ನೋಡಿದರೆ ಎಲ್ಲ ಒಂದೇ ಥರ. ಆ ಹುಡುಗ ಅಕ್ಷರಗಳ ಹಿಂದೆ ಕಂಪ್ಯೂಟರ್ ಇಟ್ಟುಕೊಳ್ಳುವ ಬೈಟ್‌ಗಳನ್ನು ತೆರೆದು ತೋರಿಸಿದ. ಎಲ್ಲ ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ 'ಲೋ' ಅಕ್ಷರದ ಓತ್ವದ ದೀರ್ಘವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಅಂತ ಬಿಡಿಸಿಯೂ ಇಡಬಹುದು. ಕಣ್ಣಿಗೆ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಪೋಸ್ಟ್‌ಗ್ರೆಸ್ 13ರಿಂದ, ಅಂದರೆ 2020ರಿಂದ, 'ನಾರ್ಮಲೈಸ್' ಎಂಬ ಫಂಕ್ಷನ್ ಇದೆ. ಅದು ಇವನ್ನೆಲ್ಲ ಒಂದೇ ರೂಪಕ್ಕೆ ತರುತ್ತದೆ. ಡೇಟಾ ಒಳಗೆ ಬರುವಾಗಲೇ ಅದನ್ನು ಬಳಸಿದರೆ ಅರ್ಧ ತೊಂದರೆ ತೀರಿತು.

ಉಳಿದರ್ಧ 'ರಾಜ್‌ಕುಮಾರ್' ಥರದ ಹೆಸರುಗಳದ್ದು. ಜಕಾರದ ಕೆಳಗೆ ಒತ್ತು ಬಾರದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಹಾಕುತ್ತೇವೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಕೋದಿಲ್ಲ. ನಾರ್ಮಲೈಸ್ ಇದನ್ನು ತೆಗೆಯೋದಿಲ್ಲ. ಹುಡುಕುವುದಕ್ಕೆ ಅಂತಲೇ ಬೇರೆ ಕಾಲಂ ಇಟ್ಟು, ಅದರಲ್ಲಿ ಮಾತ್ರ ಈ ಕಾಣದ ಅಕ್ಷರವನ್ನು ತೆಗೆದು ಇಡಬೇಕು. ತೋರಿಸುವ ಹೆಸರನ್ನು ಮುಟ್ಟಬಾರದು, ಅದು ಅವರವರು ಬರೆದ ಹಾಗೇ ಇರಬೇಕು. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರಿಂದ ಇರುವ ಊರು ನಮ್ಮದು. ಭಾಷೆ ಬಲ್ಲವರನ್ನೂ ಡೇಟಾಬೇಸ್ ಬಲ್ಲವರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಇಂಥ ಮಾತು ಆಡಿಸುವುದಕ್ಕೆ ಮೈಸೂರಿಗಿಂತ ಒಳ್ಳೇ ಜಾಗ ಎಲ್ಲಿದೆ ಹೇಳಿ.

ಇಂಥ ಭಾಷಣಗಳು ಅರ್ಜಿ ಕರೆದ ಮಾತ್ರಕ್ಕೆ ಬರೋದಿಲ್ಲ. ಅರ್ಜಿ ಕರೆದರೆ ಮೊದಲು ಬರುವುದು ಮಾರಾಟ ವಿಭಾಗದವರದ್ದು. ಅವರಿಗೂ ಜಾಗ ಕೊಡಬಹುದು, ಆದರೆ ಇದು ಪ್ರಾಯೋಜಕರ ಭಾಷಣ ಅಂತ ಪಟ್ಟಿಯಲ್ಲಿ ಸ್ಪಷ್ಟವಾಗಿ ಹಾಕಬೇಕು. ಉಳಿದವನ್ನು ಆರಿಸುವಾಗ ನಾವು ಹೆಸರು, ಕಂಪನಿ ಮುಚ್ಚಿಟ್ಟು ಸಾರಾಂಶ ಮಾತ್ರ ಓದುತ್ತೇವೆ. ಅರ್ಜಿ ಹಾಕದವರನ್ನು ನಾವೇ ಹೋಗಿ ಕೇಳುತ್ತೇವೆ. ಯಾರಾದರೂ ಟೀ ಹೊತ್ತಿನಲ್ಲಿ ಒಳ್ಳೇ ಸಮಸ್ಯೆ ಹೇಳಿದರೆ ಬರೆದಿಟ್ಟುಕೊಂಡು ಮಾರನೇ ವಾರ ಫೋನ್ ಮಾಡುತ್ತೇವೆ. ಹೆಣ್ಣುಮಕ್ಕಳು ಒಂದು ಸಲ ಕೇಳಿದರೆ ಬೇಡ ಅನ್ನುವುದೇ ಹೆಚ್ಚು, ಇನ್ನೊಮ್ಮೆ ಕೇಳಬೇಕು. ಬೇಡ ಅನ್ನೋದಕ್ಕೆ ಕಾರಣ ಕೆಲವೊಮ್ಮೆ ಸಂಜೆ ತಡವಾಗಿ ಮನೆಗೆ ಹೋಗೋದು. ಹಾಗಿದ್ದರೆ ಅವರ ಭಾಷಣವನ್ನು ಬೆಳಗ್ಗೆ ಹಾಕಿದರಾಯಿತು. ಆಮೇಲೆ ಸಮ್ಮೇಳನಕ್ಕೆ ಮುಂಚೆ ಒಮ್ಮೆ ನಮ್ಮೆದುರು ಪೂರ್ತಿ ಮಾತಾಡಿಸುತ್ತೇವೆ. ಮೊದಲ ಸಲದವರಿಗೆ ಇದು ತುಂಬ ಸಹಾಯ. ಸ್ಲೈಡ್ ತಿದ್ದುವುದಕ್ಕಿಂತ, ನಿಮ್ಮ ಕಥೆ ಶುರುವಾಗುವುದು ನಾಲ್ಕನೇ ಸ್ಲೈಡ್‌ನಲ್ಲಿ, ಮೊದಲ ಮೂರು ತೆಗೆಯಿರಿ ಅಂತ ಹೇಳುವುದೇ ಜಾಸ್ತಿ.

ತಾರೀಖು ಗೊತ್ತು ಮಾಡುವುದು ಮೈಸೂರಿನಲ್ಲಿ ಒಂದು ವಿದ್ಯೆ. ದಸರಾ ಹತ್ತಿರ ಹೋಗಬೇಡಿ, ರೂಮು ಸಿಗೋದಿಲ್ಲ, ಸಿಕ್ಕರೂ ಬಾಡಿಗೆ ಕೇಳೋ ಹಾಗಿಲ್ಲ. ಮದುವೆ ಸೀಸನ್‌ನಲ್ಲಿ ಛತ್ರವೂ ಇಲ್ಲ, ಅಡುಗೆಯವರೂ ಇಲ್ಲ. ಆಷಾಢ ನಮಗೆ ಒಳ್ಳೆಯದು. ಮದುವೆ ಇಲ್ಲದ್ದರಿಂದ ಛತ್ರಗಳು ಖಾಲಿ, ಅಡುಗೆಯವರೂ ಬಿಡುವಾಗಿರುತ್ತಾರೆ. ಆದರೆ ಶುಕ್ರವಾರ ಮಾತ್ರ ಬೇಡ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಊರಿಗೂರೇ ಹೊರಟಿರುತ್ತದೆ. ಶನಿವಾರ ಇಟ್ಟುಕೊಳ್ಳಿ, ವಿಟಿಯು ಪರೀಕ್ಷೆಯ ವೇಳಾಪಟ್ಟಿ ನೋಡಿ ಇಟ್ಟುಕೊಳ್ಳಿ.

ಪೂರ್ತಿ ಪುಕ್ಕಟೆ ಮಾಡಬೇಡಿ ಅನ್ನೋದು ನನ್ನ ಸಲಹೆ. ಪುಕ್ಕಟೆ ಅಂದರೆ ಹೆಸರು ಕೊಟ್ಟವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ, ಅಡುಗೆ ಚೆಲ್ಲಿ ಹೋಗುತ್ತದೆ. ವಿದ್ಯಾರ್ಥಿಗಳಿಗೆ ನೂರು ರೂಪಾಯಿ ಇಟ್ಟರೂ ಸಾಕು, ಕೊಟ್ಟವರು ಬರುತ್ತಾರೆ. ಅದೂ ಕಷ್ಟ ಅನ್ನುವವರಿಗೆ ಸ್ವಯಂಸೇವಕರಾಗಿ ಅಂತ ಕರೆಯಿರಿ. ನೋಂದಣಿ ಟೇಬಲ್‌ನಲ್ಲಿ ಕೂತವರಿಗೆ ಬಂದವರೆಲ್ಲರ ಪರಿಚಯವೂ ಆಗುತ್ತದೆ.

ಹಾಲ್ ನೋಡಲು ಹೋದಾಗ ಒಂದು ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ. ಪ್ರೊಜೆಕ್ಟರ್‌ಗೆ ಹಾಕಿ, ಕಮಾಂಡ್ ಟೈಪ್ ಮಾಡುವ ಕಪ್ಪು ಟರ್ಮಿನಲ್ ತೆರೆದು, ಕಡೇ ಸಾಲಿನಲ್ಲಿ ಕೂತು ಓದಿ. ಹಳೇ ಪ್ರೊಜೆಕ್ಟರ್, ಕಿಟಕಿಯ ಬೆಳಕು ಎರಡೂ ಸೇರಿದರೆ ಕಪ್ಪು ಹಿನ್ನೆಲೆಯಲ್ಲಿ ಏನೂ ಕಾಣೋದಿಲ್ಲ. ಬಿಳಿ ಹಿನ್ನೆಲೆ, ದಪ್ಪ ಅಕ್ಷರ ಬಳಸಿ ಅಂತ ಭಾಷಣಕಾರರಿಗೆ ಮೊದಲೇ ತಿಳಿಸಿ.

ನಡತೆಯ ನಿಯಮ ಬರೆದು ಬಾಗಿಲಲ್ಲಿ ಅಂಟಿಸುವುದನ್ನು ಮರೆಯಬೇಡಿ. ತೊಂದರೆಯಾದರೆ ಯಾರಿಗೆ ಹೇಳಬೇಕು ಅನ್ನೋದು ಅದರಲ್ಲಿರಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸರಿರಬೇಕು. ನಮ್ಮೂರಲ್ಲಿ ಅದೆಲ್ಲ ಯಾಕೆ ಅನ್ನುವವರಿರುತ್ತಾರೆ. ಮಗಳನ್ನು ಕಳಿಸುವ ಮನೆಯವರು ಹಾಗೆ ಕೇಳೋದಿಲ್ಲ.

ಸಭೆಯ ಪ್ರಶ್ನೆಗಳು.

ಮೊದಲನೆಯದು, ಇಂಗ್ಲಿಷ್ ಸರಾಗವಾಗಿ ಬಾರದವರು ಮಾತಾಡಬಹುದಾ?

ಖಂಡಿತ. ನಮ್ಮ ಕೂಟದಲ್ಲಿ ಕನ್ನಡದಲ್ಲಿ ಮಾತಾಡಿ ಅಂತಲೇ ಹೇಳುತ್ತೇವೆ. ಸ್ಲೈಡ್‌ನಲ್ಲಿ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಹೇಗೂ ಎಸ್‌ಕ್ಯೂಎಲ್‌ನಲ್ಲೇ ಇರುತ್ತದೆ. ಇಂಡೆಕ್ಸ್, ಬ್ಯಾಕಪ್, ಲಾಕ್ ಅನ್ನೋದನ್ನು ಹಾಗೇ ಬಳಸಿ, ಅದಕ್ಕೆ ಬೇರೆ ಪದ ಹುಡುಕುತ್ತಾ ಕೂರಬೇಡಿ. ಕನ್ನಡದಲ್ಲಿ ಮಾತಾಡಿದಾಗ ಪ್ರಶ್ನೆಗಳು ಹೆಚ್ಚು ಬರುವುದನ್ನು ನಾನು ಕಂಡಿದ್ದೇನೆ. ಇಂಗ್ಲಿಷ್‌ನಲ್ಲಿ ಕೇಳಲು ಹಿಂಜರಿಯುವವರು ಸಭೆಯಲ್ಲೂ ಇರುತ್ತಾರಲ್ವಾ? ಕನ್ನಡ ಬಾರದ ಒಬ್ಬಿಬ್ಬರಿದ್ದರೆ ಪಕ್ಕದಲ್ಲಿ ಒಬ್ಬರು ಕೂತು ಹೇಳುತ್ತಾರೆ, ಅದು ಈವರೆಗೆ ತೊಂದರೆಯಾಗಿಲ್ಲ.

ಎರಡನೆಯದು ಇಲ್ಲಿನ ವಿದ್ಯಾರ್ಥಿನಿಯದ್ದು. ಕೆಲಸದ ಅನುಭವವೇ ಇಲ್ಲದ ನಾವು ಏನು ಮಾತಾಡೋದು?

ನಿಮ್ಮ ಪ್ರಾಜೆಕ್ಟ್ ಇದೆಯಲ್ಲ. ಅದರಲ್ಲಿ ನಿಧಾನವಾಗಿರುವ ಒಂದು ಕ್ವೆರಿ ತೆಗೆದುಕೊಳ್ಳಿ. ಟೇಬಲ್‌ನಲ್ಲಿ ನೂರು ಸಾಲಿದ್ದರೆ ಸಾಲದು, ಹತ್ತು ಲಕ್ಷ ಸಾಲು ತುಂಬಿ, ಅದಕ್ಕೆ ಎರಡು ನಿಮಿಷವೂ ಬೇಡ. ಕ್ವೆರಿಯನ್ನು ಡೇಟಾಬೇಸ್ ಹೇಗೆ ನಡೆಸಿತು, ಎಷ್ಟು ಹೊತ್ತು ಹಿಡಿಯಿತು ಅಂತ ತೋರಿಸುವ 'ಎಕ್ಸ್‌ಪ್ಲೇನ್ ಅನಲೈಸ್' ಹಾಕಿ ಏನು ಬರುತ್ತದೆ ನೋಡಿ. ಇಂಡೆಕ್ಸ್ ಸೇರಿಸಿ ಮತ್ತೆ ನೋಡಿ. ಇಂಡೆಕ್ಸ್ ಇದ್ದರೂ ಡೇಟಾಬೇಸ್ ಅದನ್ನು ಬಳಸದೆ ಇಡೀ ಟೇಬಲ್ ಓದುವ ಸಂದರ್ಭ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಯಾಕೆ ಹಾಗೆ ಅಂತ ಹುಡುಕಿದರೆ ಐದು ನಿಮಿಷದ ಭಾಷಣ ಸಿದ್ಧ. ಐದು ನಿಮಿಷದ ಭಾಷಣಗಳಿಗೆ ನಾವು ಊಟ ಆದಮೇಲೆ ಒಂದು ಗಂಟೆ ಮೀಸಲಿಟ್ಟಿರುತ್ತೇವೆ. ಅರ್ಜಿ ಅಂದರೆ ನಾಲ್ಕು ಸಾಲು: ತೊಂದರೆ ಏನಿತ್ತು, ಯಾರಿಗಿತ್ತು, ನೀವು ಏನು ಮಾಡಿದಿರಿ, ಏನಾಯಿತು. ಇವತ್ತೇ ಬರೆಯುವವರಿದ್ದರೆ ಬರೆದು ಕೊಡಿ, ನಾನು ಸಂಜೆವರೆಗೆ ಇಲ್ಲೇ ಇರುತ್ತೇನೆ, ಕೂತು ತಿದ್ದೋಣ.